ಹಸು ಕಟ್ಟೋ ಹಗ್ಗ

ಇದು ಸ್ವಲ್ಪ ಉದ್ದದ ಪೋಸ್ಟು. ಟೈಮ್ ಸಿಕ್ಕಾಗ ಓದಿ, ಆದರೆ ಪೂರ್ತಿ ಓದಿ.

ಹೋದ ಭಾನುವಾರ ನಮ್ಮೂರಿನ ಅಂಬೇಡ್ಕರ್ ಭವನದಲ್ಲಿ ಒಂದು ತರಬೇತಿ ಮಾಡಿದ್ವಿ. ಬಾಬಾಸಾಹೇಬರ ಫೋಟೋ ಕೆಳಗೆ ಟಾರ್ಪಾಲ್ ಹಾಸಿ, ಅದರ ಮೇಲೆ ಮರ ಕೊಯ್ಯೋ ಮಿಷನ್ ಮೂರು, ನಾಲ್ಕೈದು ಸೈಜಿನ ಅರ, ಹೆಲ್ಮೆಟ್ಟು, ಸೊಂಟದ ಬೆಲ್ಟು, ಹಗ್ಗ ಎಲ್ಲಾ ಜೋಡಿಸಿದ್ವಿ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯಿಂದ ಹತ್ತೊಂಬತ್ತು ಜನ ಹುಡುಗರು ಬಂದಿದ್ರು. ಎಲ್ಲಾ ಕೇರಿ ಹುಡುಗರೇ. ಎಲ್ಲರೂ ಮರ ಹತ್ತೋರೇ.

ಫೋಟೋ ನೋಡಿದ ಹಿರಿಯ ಸಂಗಾತಿ ಒಬ್ಬರು ಫೋನ್ ಮಾಡಿ, "ಏನಪ್ಪಾ, ಚಳವಳಿ ಬಿಟ್ಟು ಮೆಕ್ಯಾನಿಕ್ ಶಾಪ್ ಓಪನ್ ಮಾಡ್ದಾ?" ಅಂದರು. ತಮಾಷೆಗೇ ಅಂದಿದ್ದು. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಮನಸ್ಸಿಗೆ ಸಮಾಧಾನ ಆಗಲಿಲ್ಲ. ಈ ಮಾತಿಗೆ ಉತ್ತರ ನಾನು ಎಂಟು ವರ್ಷದಿಂದ ಕೊಡಬೇಕಾಗಿತ್ತು. ಅವರಿಗಲ್ಲ, ನನ್ನ ತಮ್ಮನಿಗೆ. ಅದಕ್ಕೇ ಇಲ್ಲಿ ಬರೀತಾ ಇದ್ದೀನಿ.

ಮೊದಲು ನಮ್ಮಪ್ಪನಿಂದ ಶುರು ಮಾಡ್ತೀನಿ.

ನಮ್ಮಪ್ಪ ಮರ ಕೊಯ್ಯೋ ಆಳು. ಆಗ ಊರ ಹತ್ತಿರ ಸಾಮಿಲ್ ಇರಲಿಲ್ಲ. ಇದ್ದರೂ ದಿಮ್ಮಿ ಸಾಗಿಸೋಕೆ ಗಾಡಿ ಬಾಡಿಗೆ ಜಾಸ್ತಿ. ಹಾಗಾಗಿ ಮರ ಬಿದ್ದ ಜಾಗದಲ್ಲೇ ಗುಂಡಿ ತೋಡಿ, ಮೇಲೆ ದಿಮ್ಮಿ ಇಟ್ಟು, ಇಬ್ಬರು ಹಿಡಿಯೋ ಉದ್ದನೆ ಗರಗಸದಲ್ಲಿ ಹಲಗೆ ಕೊಯ್ಯೋರು. ಒಬ್ಬ ದಿಮ್ಮಿ ಮೇಲೆ ನಿಲ್ಲೋನು, ಇನ್ನೊಬ್ಬ ಗುಂಡಿಯೊಳಗೆ. ಮೇಲಿನೋನು ನೂಲು ಹೊಡೆದ ಗೆರೆ ನೋಡ್ಕೊಂಡು ಗರಗಸ ನಡೆಸಬೇಕು. ಕೆಳಗಿನೋನು ಎಳೀಬೇಕು ಅಷ್ಟೇ. ಪುಡಿಯೆಲ್ಲಾ ಅವನ ಮುಖದ ಮೇಲೆ. ನಮ್ಮಪ್ಪ ಕೆಳಗಿನೋನು. "ಮೇಲಿನೋನಿಗೆ ಗೆರೆ ಕಾಣ್ಬೇಕು, ನನಗೆ ಕಣ್ ಮುಚ್ಕೊಂಡ್ರೂ ಆಯ್ತದೆ" ಅಂತ ನಗಾಡೋನು. ರಾತ್ರಿ ಅವ್ವ ಸೆರಗಿನ ತುದಿ ಒದ್ದೆ ಮಾಡಿ ಅವನ ಕಣ್ಣಿಂದ ಪುಡಿ ತೆಗೀತಿದ್ದಳು.

ಹಾಗೆ ಕೊಯ್ದ ಹಲಗೆಗಳು ಊರೊಳಗಿನ ಮನೆಗಳಿಗೆ ಬಾಗಿಲಾದವು. ನಮ್ಮಪ್ಪ ಕೂಲಿ ಇಸ್ಕೊಳ್ಳೋಕೆ ಹೋದಾಗ ಅದೇ ಬಾಗಿಲ ಹೊರಗೆ, ಜಗುಲಿ ಕೆಳಗೆ ನಿಂತ್ಕೊಂಡು ಇಸ್ಕೊಂಡು ಬರ್ತಿದ್ದ. ಅವನು ಇದನ್ನ ಯಾವತ್ತೂ ದೂರಾಗಿ ಹೇಳಲಿಲ್ಲ. "ಅದು ಹಲಸಿನ ಬಾಗ್ಲು, ಚೆನ್ನಾಗ್ ಬಂದೈತೆ" ಅಂತಿದ್ದ ಅಷ್ಟೇ.

ಇನ್ನೊಂದು ವಿಷಯ. ನಮ್ ಕಡೆ ಮುನೇಶ್ವರ ಇದ್ದಾನೆ ಅನ್ನೋ ಮರ, ಬುಡದಲ್ಲಿ ನಾಗರಕಲ್ಲು ಇರೋ ಮರ ಕಡೀಬೇಕಾದ್ರೆ ಮೊದಲ ಏಟು ಹಾಕೋಕೆ ಕೇರಿಯವರನ್ನ ಕರೀತಿದ್ರು. ದೋಷ ಬಂದ್ರೆ ನಮಗೆ ಬರಲಿ ಅಂತ. ಮರದಿಂದ ಬರೋ ಕಾಸು ಅವರಿಗೆ, ಮರದಿಂದ ಬರೋ ದೋಷ ನಮಗೆ. ಈಗ ದೋಷ ಅಂತ ಯಾರೂ ಅನ್ನಲ್ಲ, ರಿಸ್ಕ್ ಅಂತಾರೆ.

ಆಮೇಲೆ ನೀಲಗಿರಿ ಬಂತು. 80ರ ದಶಕದಲ್ಲಿ ವಿಶ್ವ ಬ್ಯಾಂಕ್ ದುಡ್ಡಿನ ಸಾಮಾಜಿಕ ಅರಣ್ಯ ಯೋಜನೆ ಬಂದಾಗ ಕೋಲಾರ, ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ ಸುತ್ತ ರಾಗಿ ಹೊಲಗಳೆಲ್ಲಾ ನೀಲಗಿರಿ ತೋಪಾದವು. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತಸಂಘದವರು ನರ್ಸರಿಗೆ ನುಗ್ಗಿ ಸಸಿ ಕಿತ್ತುಹಾಕಿದ್ದು ನಿಮಗೆಲ್ಲಾ ಗೊತ್ತು. ನೀರು ಹೀರುತ್ತೆ ಅನ್ನೋ ಮಾತು ಎಲ್ಲರೂ ಆಡಿದ್ರು. ನಮ್ಮ ಕೇರಿಗೆ ಮೊದಲು ತಟ್ಟಿದ್ದು ಬೇರೆ. ರಾಗಿ ಹೊಲ ಅಂದ್ರೆ ಬಿತ್ತನೆ, ಕಳೆ, ಕುಯ್ಲು, ಕಣ, ನಾಲ್ಕೈದು ತಿಂಗಳು ಹೆಂಗಸರಿಗೆ ಗಂಡಸರಿಗೆ ಕೂಲಿ. ನೀಲಗಿರಿ ಅಂದ್ರೆ ಒಂದು ಸಲ ಗುಂಡಿ ತೋಡೋದು, ಐದಾರು ವರ್ಷ ಬಿಟ್ಟು ಕಡಿಯೋದು. ಮಧ್ಯೆ ಏನೂ ಇಲ್ಲ. ಜಮೀನಿನವನು ಬೆಂಗಳೂರಿಗೆ ಹೋಗಿ ಆರಾಮಾಗಿ ಕೂತ. ನಮ್ಮ ಹೆಂಗಸರು ಕಟ್ಟಡ ಕೆಲಸಕ್ಕೆ ಬಸ್ ಹತ್ತಿದ್ರು. ನಮ್ಮ ಗಂಡಸರು ಕೊಡಲಿ ತಗೊಂಡು ಕಂಟ್ರಾಕ್ಟರ್ ಲಾರಿ ಹತ್ತಿದ್ರು.

2008ರಲ್ಲಿ ದೇವನಹಳ್ಳಿ ಏರ್‌ಪೋರ್ಟ್ ಶುರುವಾಯ್ತು. ಲೇಔಟು, ರಸ್ತೆ ಅಗಲೀಕರಣ, ಗೋಡೌನು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ಹಾಕೋ ಹಾಗಿಲ್ಲ ಅಂತ ಆದೇಶ ಮಾಡ್ತು. ಇದ್ದದ್ದನ್ನೂ ತೆಗೀರಿ ಅಂತ ಊರೂರಲ್ಲಿ ಹೇಳೋಕೆ ಶುರುವಾಯ್ತು. ಕೊಡಲಿ ಹೋಗಿ ಮಿಷನ್ ಬಂತು. ನೀಲಗಿರಿ ಕಡಿದು ಕಲಿತ ಹುಡುಗರೇ ಮನೆ ಮೇಲೆ ಬಾಗಿದ ಸಿಲ್ವರ್ ಓಕು, ಕರೆಂಟ್ ಲೈನ್ ಪಕ್ಕದ ಮರ, ರಸ್ತೆ ಬದಿ ಹುಣಸೆ ಎಲ್ಲಕ್ಕೂ ಹೋಗೋಕೆ ಶುರು ಮಾಡಿದ್ರು. ನಿಂತ ನೀಲಗಿರಿ ಬುಡಕ್ಕೆ ಕೊಯ್ಯೋದೇ ಬೇರೆ, ದೊಡ್ಡ ಮರ ಹತ್ತಿ ಮೇಲಿಂದ ಒಂದೊಂದೇ ಕೊಂಬೆ ಇಳಿಸೋದೇ ಬೇರೆ. ಇದನ್ನ ಯಾರೂ ಅವರಿಗೆ ಹೇಳ್ಕೊಡಲಿಲ್ಲ. ನಾನೂ ಹೇಳಲಿಲ್ಲ.

ನಾನು ಅಂತ ಯಾಕೆ ಹೇಳ್ದೆ ಅಂದ್ರೆ, ಗ್ಯಾಂಗಿನ ಫೋನ್ ಬರ್ತಿದ್ದದ್ದು ನನಗೆ. ಸಂಘಟನೆಯವನು, ನಾಲ್ಕು ಜನ ಪರಿಚಯ ಇರೋನು, "ಅಣ್ಣ, ನಾಲ್ಕು ಹುಡುಗ್ರನ್ನ ಕಳ್ಸಿ" ಅಂದ್ರೆ ಕಳಿಸ್ತಿದ್ದೆ. ಕಮಿಷನ್ ತಗೊಳ್ತಿರಲಿಲ್ಲ. ಹುಡುಗರಿಗೆ ಕೆಲಸ ಆಗುತ್ತಲ್ಲ ಅಂತ. ಅದರಲ್ಲಿ ನನಗೆ ಹೆಮ್ಮೆನೂ ಇತ್ತು.

2017ರ ಮಳೆಗಾಲ. ದೇವನಹಳ್ಳಿ ತಾಲ್ಲೂಕಿನ ಒಂದು ಲೇಔಟಿನ ಅಂಚಿನಲ್ಲಿದ್ದ ಹುಣಸೆ ಮರ. ನನ್ನ ತಮ್ಮನಿಗೆ ಆಗ 25 ವರ್ಷ. ಬೆಳಗ್ಗೆ ಹೊರಡುವಾಗ "ಅಣ್ಣ, ಹಗ್ಗ ಸವೆದೈತೆ" ಅಂದ. ನಾನು ಅವಸರದಲ್ಲಿದ್ದೆ. ಕೊಟ್ಟಿಗೇಲಿ ಹಸು ಕಟ್ಟೋ ನೈಲಾನ್ ಹಗ್ಗ ಹೊಸದಿತ್ತು. ಬಿಚ್ಚಿ ಅವನ ಕೈಗೆ ಕೊಟ್ಟೆ. "ಇವತ್ತೊಂದಿನ ನೋಡ್ಕೋ, ಸಂಜೆ ತಂದ್ಕೊಡ್ತೀನಿ" ಅಂದೆ.

ಆ ದಿನ ನಾನು ಎಲ್ಲಿದ್ದೆ ಗೊತ್ತಾ? ಬೆಂಗಳೂರಿನ ಫ್ರೀಡಂ ಪಾರ್ಕಲ್ಲಿ. ಮ್ಯಾನ್‌ಹೋಲ್ ಸಾವುಗಳ ವಿರುದ್ಧದ ಧರಣಿಯಲ್ಲಿ. ಮೈಕ್ ಹಿಡ್ಕೊಂಡು, "ನಮ್ಮ ಹುಡುಗರ ಜೀವಕ್ಕೆ ಈ ದೇಶ ಒಂದು ಹಗ್ಗದ ಬೆಲೆನೂ ಕೊಡಲ್ಲ" ಅಂತ ಮಾತಾಡಿದ್ದೆ. ಚಪ್ಪಾಳೆ ಬಂದಿತ್ತು. ಇಳಿದು ಟೀ ಕುಡೀತಾ ಇದ್ದಾಗ ಫೋನ್ ಬಂತು.

ಹುಣಸೆ ಗಟ್ಟಿ ಮರ. ಮಿಷನ್ನಿನ ಚೈನ್ ಮೊಂಡಾಗಿತ್ತು. ಚೂಪು ಇದ್ರೆ ಮಿಷನ್ ತನ್ನ ತೂಕಕ್ಕೇ ಮರದೊಳಗೆ ಇಳಿಯುತ್ತೆ. ಮೊಂಡಾದ್ರೆ ಕೈಯಲ್ಲಿ ಒತ್ತಬೇಕು. ಇವನು ಮೇಲೆ, ಸುಮಾರು 25 ಅಡಿ ಎತ್ತರದಲ್ಲಿ, ಒಂದು ಕೈಯಲ್ಲಿ ಕೊಂಬೆ ಹಿಡಿದು ಇನ್ನೊಂದು ಕೈಯಲ್ಲಿ ಮಿಷನ್ ಒತ್ತುತಾ ಇದ್ದ. ಕೊಂಬೆ ಲಟಕ್ಕನೆ ಮುರಿದು ಹೋಯ್ತು. ಒತ್ತುತಿದ್ದ ಮಿಷನ್ ಒಂದೇ ಸಲ ಈಚೆ ಬಂತು. ಬಂದು ಸೊಂಟದ ಹಗ್ಗಕ್ಕೆ ತಾಗ್ತು. ನೈಲಾನ್ ಹಗ್ಗಕ್ಕೆ ತಿರುಗೋ ಚೈನ್ ತಾಗಿದ್ರೆ ಎಷ್ಟು ಹೊತ್ತು ಬೇಕು? ಕಣ್ಣು ಮಿಟುಕಿಸೋಷ್ಟೂ ಬೇಡ.

ಬೆನ್ನುಹುರಿ ಪೆಟ್ಟು. ಸೊಂಟದ ಕೆಳಗೆ ಇವತ್ತಿಗೂ ಸ್ವಾಧೀನ ಇಲ್ಲ.

ಆಸ್ಪತ್ರೆಯಲ್ಲಿ ಐದನೇ ದಿನಕ್ಕೆ ನಮ್ಮ ಹತ್ರ ದುಡ್ಡು ಮುಗೀತು. ಕಂಟ್ರಾಕ್ಟರ್ ಇನ್ನಿಬ್ಬರನ್ನ ಕರ್ಕೊಂಡು ಬಂದ. ಛಾಪಾ ಕಾಗದ ರೆಡಿ ಮಾಡ್ಕೊಂಡೇ ಬಂದಿದ್ದ. ₹75,000 ಕೊಡ್ತೀವಿ, ಮುಂದೆ ಏನೂ ಕೇಳೋ ಹಾಗಿಲ್ಲ, ಇವನು ನಮ್ಮ ಕೂಲಿಯಾಳೇ ಅಲ್ಲ, ಮಾನವೀಯತೆಯಿಂದ ಕೊಡ್ತಿದ್ದೀವಿ ಅಂತ ಬರೆದಿತ್ತು. ನನ್ನ ತಮ್ಮನ ಹೆಬ್ಬೆಟ್ಟು ಹಿಡಿದು ಇಂಕ್ ಪ್ಯಾಡಿಗೆ ಒತ್ತಿದ್ದು ನಾನೇ. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗ ಅವನು. ಕೈ ನಡುಗ್ತಿತ್ತು, ಸೈನ್ ಹಾಕೋಕೆ ಆಗಲಿಲ್ಲ.

ಭಾಷಣದಲ್ಲಿ ಕಾನೂನು ಮಾತಾಡೋ ನನಗೆ ಅವತ್ತು ಗೊತ್ತಿಲ್ಲದ ಕಾನೂನು ಯಾವುದು ಅಂತ ಈಗ ಹೇಳ್ತೀನಿ. ದಯವಿಟ್ಟು ಇದನ್ನ ಬರೆದಿಟ್ಕೊಳ್ಳಿ.

1923ರ ನೌಕರರ ಪರಿಹಾರ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಯಾವ್ಯಾವ ಕೆಲಸದವರಿಗೆ ಪರಿಹಾರ ಅಂತ ಪಟ್ಟಿ ಇತ್ತು. ಅದರಲ್ಲಿ ಮರ ಕಡಿಯೋದು, ದಿಮ್ಮಿ ಕೊಯ್ಯೋದು ಅಂತ ಹೆಸರು ಹೇಳಿಯೇ ಬರೆದಿತ್ತು. ಬಾಗಿಲ ಹೊರಗೆ ನಿಂತು ಕೂಲಿ ಇಸ್ಕೊಳ್ತಿದ್ದ ನಮ್ಮಪ್ಪನ ಕೆಲಸಕ್ಕೂ ಕಾನೂನಲ್ಲಿ ಒಂದು ಸಾಲಿತ್ತು. ಶಾಶ್ವತ ಪೂರ್ಣ ಅಂಗವಿಕಲತೆ ಅಂತ ತೀರ್ಮಾನ ಆದ್ರೆ ತಿಂಗಳ ಕೂಲಿಯ ಶೇ 60ನ್ನ ವಯಸ್ಸಿನ ಅಂಶದಿಂದ ಗುಣಿಸಬೇಕು. ಆಗ ತಿಂಗಳ ಕೂಲಿಯ ಮಿತಿ ₹8,000. 25 ವರ್ಷಕ್ಕೆ ಅಂಶ 216.91. ಗುಣಿಸಿ ನೋಡಿ. ₹10,41,168. ಆಸ್ಪತ್ರೆ ಖರ್ಚು ಬೇರೆ. ಒಂದು ತಿಂಗಳೊಳಗೆ ಕೊಡದಿದ್ರೆ ಶೇ 12 ಬಡ್ಡಿ. ಕೆಲಸ ಮಾಲೀಕನ ವ್ಯವಹಾರದ ಭಾಗವೇ ಆಗಿದ್ರೆ, ಕಂಟ್ರಾಕ್ಟರ್ ಮೂಲಕ ಮಾಡಿಸಿದ್ರೂ ಮೂಲ ಮಾಲೀಕನೂ ಹೊಣೆ. ಎಲ್ಲಕ್ಕಿಂತ ಮುಖ್ಯವಾದ್ದು, 17ನೇ ಸೆಕ್ಷನ್: ಪರಿಹಾರದ ಹಕ್ಕು ಬಿಟ್ಟುಕೊಡ್ತೀನಿ ಅಂತ ಕೂಲಿಯವನು ಬರೆದುಕೊಟ್ಟ ಯಾವ ಕರಾರಿಗೂ ಬೆಲೆ ಇಲ್ಲ. ಆ ಛಾಪಾ ಕಾಗದ ಕಸ. ಆ ಕಸಕ್ಕೆ ಹೆದರ್ಕೊಂಡು ನಾವು ಮೂರು ವರ್ಷ ಸುಮ್ಮನೆ ಕೂತಿದ್ವಿ. ಕ್ಲೇಮ್ ಹಾಕೋಕೆ ಎರಡು ವರ್ಷ ಗಡುವು. ಸಕಾರಣ ತೋರಿಸಿದ್ರೆ ತಡವಾದ್ರೂ ತಗೊಳ್ಳೋಕೆ ಅವಕಾಶ ಇದೆ. ಈಗ ಆ ಕಾಯ್ದೆಯನ್ನ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಸಿದ್ದಾರೆ. ಹಾಗಾಗಿ ಹೊಸ ಕೇಸ್ ಆದ್ರೆ ವಕೀಲರ ಹತ್ರ ಈಗಿನ ಲೆಕ್ಕ ಕೇಳಿಯೇ ಮುಂದೆ ಹೋಗಿ. ಆಸ್ಪತ್ರೆ ಬೆಡ್ ಹತ್ರ ಬರೋ ಯಾವ ಪೇಪರಿಗೂ ಹೆಬ್ಬೆಟ್ಟು ಒತ್ತಬೇಡಿ.

ಇದೆಲ್ಲಾ ತಿಳ್ಕೊಂಡು ಬಂದು ತಮ್ಮನಿಗೆ ಹೇಳ್ದೆ. ಅರ್ಜಿ ಹಾಕೋಣ, ತಡ ಯಾಕಾಯ್ತು ಅಂತ ಬರೆಯೋಣ ಅಂದೆ. ಅವನು ಗೋಡೆ ನೋಡ್ತಾ, "ತಡ ಯಾಕಾಯ್ತು ಅಂತ ಬರೆದ್ರೆ ನಿನ್ನೆಸ್ರು ಬರೀಬೇಕಾಯ್ತದೆ, ಬುಡಣ್ಣೋ" ಅಂದ.

ಸಿಟ್ಟಲ್ಲಿ ಹೇಳಲಿಲ್ಲ. ಅದಕ್ಕೇ ನನಗೆ ಅವತ್ತಿಂದ ನಿದ್ದೆ ಸರಿಯಾಗಿ ಬರಲ್ಲ.

ಆಮೇಲೆ ಏನಾಯ್ತು ಅಂದ್ರೆ, ಒಂದಿನ ಗ್ಯಾಂಗಿನ ಹುಡುಗ ಒಬ್ಬ ಚೈನ್ ತಂದು, "ಸ್ವಲ್ಪ ಅರ ಹಾಕ್ಕೊಡಣ್ಣ" ಅಂತ ಇವನ ಮುಂದೆ ಇಟ್ಟ. ಸುಮ್ನೆ ಕೂತಿದ್ದಾನಲ್ಲ ಅಂತ. ಇವನು ಮೊದಲು ಮುಟ್ಟಲಿಲ್ಲ. ಎರಡು ದಿನ ಚೈನ್ ಹಾಗೇ ಇತ್ತು. ಮೂರನೇ ದಿನ ನಾನು ಮನೆಗೆ ಬಂದಾಗ ಅರದ ಸದ್ದು ಕೇಳಿಸ್ತು. ಈಗ ಮನೆ ಮುಂದೆ ಒಂದು ಮೇಜು, ಮೇಜಿಗೆ ಒಂದು ವೈಸು, ವೀಲ್‌ಚೇರಲ್ಲಿ ಇವನು. ನೆಲಮಂಗಲ, ಹೊಸಕೋಟೆಯಿಂದಲೂ ಚೈನ್ ಬರ್ತವೆ. ಚೈನ್ ಚೂಪು ಮಾಡಿಕೊಡೋದಷ್ಟೇ ಅಲ್ಲ, ತಂದವನನ್ನ ಕೂರಿಸಿಕೊಂಡು ಬಯ್ದು ಕಲಿಸ್ತಾನೆ. ಭಾನುವಾರದ ತರಬೇತಿಯ ಮೇಷ್ಟ್ರು ಅವನೇ. ನಾನು ಚಾಪೆ ಹಾಸಿದವನು ಅಷ್ಟೇ.

ಅವನು ಹೇಳಿಕೊಟ್ಟದ್ದನ್ನ ಇಲ್ಲಿ ಹಾಕ್ತೀನಿ. ನಿಮ್ಮೂರಲ್ಲೂ ಈ ಕೆಲಸ ಮಾಡೋ ಹುಡುಗರಿದ್ದಾರೆ. ಅವರಿಗೆ ಓದಿ ಹೇಳಿ.

1. "ಮರದಿಂದ ಸಿಪ್ಪೆ ಬಂದ್ರೆ ಚೈನ್ ಚೂಪು, ಹಿಟ್ಟಿನಂಗೆ ಪುಡಿ ಬಂದ್ರೆ ಮೊಂಡು." ಪುಡಿ ಕಂಡ ತಕ್ಷಣ ನಿಲ್ಲಿಸಿ. ಒತ್ತಬೇಡಿ. ಅರವನ್ನ ಒಂದೇ ದಿಕ್ಕಿಗೆ, ಒಳಗಿಂದ ಹೊರಕ್ಕೆ ಮಾತ್ರ ತಳ್ಳಬೇಕು, ವಾಪಸ್ ಎಳೆಯುವಾಗ ಎತ್ತಬೇಕು. ಹಲ್ಲಿಗೆ 30 ಡಿಗ್ರಿ ಓರೆ. ಒಂದು ಹಲ್ಲಿಗೆ ಮೂರು ಸಲ ತಳ್ಳಿದ್ರೆ ಎಲ್ಲಾ ಹಲ್ಲಿಗೂ ಮೂರೇ ಸಲ. ಒಂದು ಕಡೆ ಜಾಸ್ತಿ ಆದ್ರೆ ಮಿಷನ್ ಓರೆ ಕೊಯ್ಯುತ್ತೆ. ಅರದ ಸೈಜೂ ಚೈನಿಗೆ ತಕ್ಕಂಗೆ ಇರಬೇಕು: ಸಣ್ಣ ಚೈನಿಗೆ 4 ಮಿ.ಮೀ, 0.325 ಚೈನಿಗೆ 4.8, ದೊಡ್ಡ 3/8 ಚೈನಿಗೆ 5.2. ಸಿಕ್ಕ ಅರದಲ್ಲಿ ಉಜ್ಜಿದ್ರೆ ಹಲ್ಲು ಹಾಳು.

2. ಚೈನ್ ಬಿಗಿ. ಬಾರ್ ಕೆಳಗೆ ಜೋತು ಬೀಳಬಾರದು, ಕೈಯಲ್ಲಿ ಎಳೆದ್ರೆ ಸಲೀಸಾಗಿ ತಿರುಗಬೇಕು. ಎಳೆಯುವಾಗ ಮಿಷನ್ ಆಫ್ ಇರಬೇಕು, ಕೈಗೆ ದಪ್ಪ ಗ್ಲೌಸ್. ಬಿಸಿಯಾದಾಗ ಚೈನ್ ಸಡಿಲ ಆಗುತ್ತೆ, ಬಿಗಿ ಮಾಡಬೇಕು. ಸಂಜೆ ಕೆಲಸ ಮುಗಿದ ಮೇಲೆ ಸಡಿಲ ಬಿಡಬೇಕು. ಇಲ್ಲದಿದ್ರೆ ತಣ್ಣಗಾದಾಗ ಕುಗ್ಗಿ ಬಾರ್ ಎಳೆಯುತ್ತೆ. ಬಾರನ್ನ ಆಗಾಗ ತಲೆಕೆಳಗು ಮಾಡಿ ಹಾಕಿ, ಎರಡೂ ಕಡೆ ಸಮ ಸವೆಯಲಿ. ಬಾರಿನ ಗಾಡಿಯಲ್ಲಿ ಸೇರಿದ ಪುಡಿ ದಿನಾ ಕೆರೆದು ತೆಗೀರಿ.

3. ಎಣ್ಣೆ. ಗ್ಯಾರೇಜಿನಿಂದ ಫ್ರೀಯಾಗಿ ಸಿಗೋ ಸುಟ್ಟ ಎಂಜಿನ್ ಆಯಿಲ್ಲನ್ನ ಚೈನಿಗೆ ಹಾಕ್ತಾರೆ ನಮ್ಮೋರು. ಅದರಲ್ಲಿ ಲೋಹದ ಪುಡಿ ಇರುತ್ತೆ, ಚೈನೂ ಬಾರೂ ಬೇಗ ತಿಂದುಹಾಕುತ್ತೆ. ಅದು ಹಾರಿ ನಿಮ್ಮ ಮೈಮೇಲೇ ಬೀಳೋದು, ಚರ್ಮಕ್ಕೂ ಕೆಟ್ಟದ್ದು. ಪೆಟ್ರೋಲಿಗೆ ಹಾಕೋ ಟೂ ಸ್ಟ್ರೋಕ್ ಆಯಿಲ್ ಕಂಪನಿ ಹೇಳಿದ ಅಳತೆಯಲ್ಲೇ ಇರಲಿ. 50ಕ್ಕೆ 1 ಅಂತ ಬರೆದಿದ್ರೆ ಲೀಟರಿಗೆ 20 ಎಂ.ಎಲ್. ಕಣ್ಣಂದಾಜು ಬೇಡ. ಬಿಸಿ ಮಿಷನ್ನಿಗೆ ಪೆಟ್ರೋಲ್ ಸುರೀಬೇಡಿ. ಕುಡಿಯೋ ನೀರಿನ ಬಾಟಲಲ್ಲಿ ಪೆಟ್ರೋಲ್ ಇಡಬೇಡಿ, ಮನೇಲಿ ಮಕ್ಕಳಿರ್ತವೆ.

4. ಚೈನ್ ಬ್ರೇಕ್. ಮುಂದಿನ ಹಿಡಿ ಮುಂದೆ ಇರೋ ಆ ಪ್ಲಾಸ್ಟಿಕ್ ಗಾರ್ಡ್ ಅಲಂಕಾರಕ್ಕಲ್ಲ. ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಾಗಿದ್ರೆ ಮಿಷನ್ ಮುಖದ ಕಡೆ ಜಿಗಿಯುತ್ತೆ. ಆಗ ಉಳಿಸೋದು ಅದೊಂದೇ. ದಿನಾ ಬೆಳಗ್ಗೆ ಕೆಲಸಕ್ಕೆ ಮುಂಚೆ ಟೆಸ್ಟ್ ಮಾಡಿ. ಬಂದ ಮೂರು ಮಿಷನ್ನಿನಲ್ಲಿ ಎರಡರ ಬ್ರೇಕ್ ಕೆಲಸ ಮಾಡ್ತಿರಲಿಲ್ಲ. ಒಂದರಲ್ಲಿ ಅಡ್ಡ ಬರುತ್ತೆ ಅಂತ ಗಾರ್ಡನ್ನೇ ಕಿತ್ತು ಹಾಕಿದ್ರು.

5. "ಎರಡು ಕೈ, ಎರಡು ಕಟ್ಟು." ಮಿಷನ್ ಯಾವಾಗಲೂ ಎರಡು ಕೈಯಲ್ಲಿ. ಮೇಲೆ ಮಿಷನ್ ಓಡಿಸುವಾಗ ಮೈ ಎರಡು ಕಡೆ ಕಟ್ಟಿರಬೇಕು: ಮೇಲಿನ ಗಟ್ಟಿ ಕವೆಗೆ ಒಂದು ಹಗ್ಗ, ಕಾಂಡ ಬಳಸಿ ಸೊಂಟಕ್ಕೆ ಇನ್ನೊಂದು. ಸೊಂಟದ್ದು ಒಳಗೆ ಸ್ಟೀಲ್ ತಂತಿ ಇರೋದಾಗಿರಲಿ. ಅದೂ ಪೂರ್ತಿ ತಡೆಯಲ್ಲ, ಆದ್ರೆ ಬಟ್ಟೆ ಹಗ್ಗದಂಗೆ ಒಂದೇ ಏಟಿಗೆ ಹೋಗಲ್ಲ. ಕೊಯ್ಯೋ ಕೊಂಬೆಗೆ ನಿಮ್ಮನ್ನ ಕಟ್ಕೋಬೇಡಿ. ಇದನ್ನ ಹೇಳಬೇಕಾ ಅಂತ ನಗಬೇಡಿ, ಹೇಳಬೇಕು.

6. ಕಟ್ಟಡದಲ್ಲಿ ಕೊಡೋ ಬೆಲ್ಟಿಗೆ ಬೆನ್ನ ಹಿಂದೆ ಕೊಂಡಿ ಇರುತ್ತೆ. ಅದು ಬಿದ್ದಾಗ ಹಿಡಿಯೋಕೆ. ಮರದ ಮೇಲೆ ಕೂತು ಕೆಲಸ ಮಾಡೋಕೆ ಸೊಂಟದ ಎರಡೂ ಪಕ್ಕ ಕೊಂಡಿ, ತೊಡೆಗೆ ಪಟ್ಟಿ ಇರೋ ಬೆಲ್ಟು ಬೇಕು. ಕೊಳ್ಳುವಾಗ ಐ.ಎಸ್. 3521 ಅನ್ನೋ ಗುರುತು, ಹೆಲ್ಮೆಟ್ಟಿಗೆ ಐ.ಎಸ್. 2925 ಗುರುತು ನೋಡಿ. ಕಾಲಿಗೆ ಕಟ್ಟೋ ಕಬ್ಬಿಣದ ಮುಳ್ಳು ಕಡಿಯೋ ಮರಕ್ಕೆ ಮಾತ್ರ. ಸವರಿ ಬಿಡೋ ಮರಕ್ಕೆ ಅದನ್ನ ಚುಚ್ಚಿದ್ರೆ ಮರಕ್ಕೆ ಗಾಯ, ಕೊಳೆ ಶುರುವಾಗುತ್ತೆ.

7. ಕರೆಂಟ್ ಲೈನ್ ಹತ್ರ ಇದ್ರೆ ಲೈನ್ ಆಫ್ ಮಾಡಿಸದೆ ಹತ್ತಲ್ಲ ಅಂತ ಹೇಳಿ. ಫೋನಲ್ಲಿ "ಆಫ್ ಮಾಡ್ಸಿದೀನಿ ಹತ್ತು" ಅಂದ್ರೆ ನಂಬಬೇಡಿ. ಲೈನ್‌ಮ್ಯಾನ್ ಸ್ಥಳದಲ್ಲಿ ಇರಲಿ.

8. ಪರ್ಮಿಷನ್ ಪೇಪರ್ ಕೇಳಿ. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ನೀಲಗಿರಿ, ಸಿಲ್ವರ್ ಓಕು, ಸರ್ವೆ, ತೆಂಗು ಇಂಥ ಕೆಲವಕ್ಕೆ ವಿನಾಯಿತಿ ಇದೆ. ವಿನಾಯಿತಿ ಇಲ್ಲದ ಮರ ಕಡೀಬೇಕಾದ್ರೆ ಮರ ಅಧಿಕಾರಿಯ ಅನುಮತಿ ಬೇಕು. ಜೀಪ್ ಬಂದಾಗ ಮಾಲೀಕ ಕಾರಲ್ಲಿ ಹೋಗಿರ್ತಾನೆ, ಮಿಷನ್ ಕೈಯಲ್ಲಿರೋನು ನೀವು.

ಇದನ್ನ ಹೇಳುವಾಗ ಒಬ್ಬ ಹುಡುಗ ಎದ್ದು, "ಅಣ್ಣ, ಇದೆಲ್ಲಾ ಕೇಳಿದ್ರೆ ಬೇರೆ ಗ್ಯಾಂಗ್ ಕರ್ಕೊಂಡ್ ಓಯ್ತಾರೆ" ಅಂದ. ನಿಜವಾದ ಮಾತು. ಅದಕ್ಕೇ ಎಲ್ಲಾ ಗ್ಯಾಂಗೂ ಒಟ್ಟಿಗೆ ಕೇಳಬೇಕು. ಚಳವಳಿ ಅಂದ್ರೆ ಅದೇ ಅಲ್ವಾ? ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಯವರು ಬೇರೆ ಬೇರೆಯಾಗಿ ಕೇಳಿದ್ದಿದ್ರೆ 1,777 ಎಕರೆ ಉಳೀತಿತ್ತಾ? ಮೂರು ವರ್ಷಕ್ಕೂ ಮೀರಿ ಒಟ್ಟಿಗೆ ಕೂತಿದ್ದಕ್ಕೆ 2025ರ ಜುಲೈಯಲ್ಲಿ ಸರ್ಕಾರ ಹಿಂದೆ ಸರೀತು. ಭಾನುವಾರ ಹುಡುಗರು ಒಂದು ಹಾಳೆ ಮೇಲೆ ಸಹಿ ಮಾಡಿದ್ದಾರೆ: ಬೆಲ್ಟಿಲ್ಲದೆ ಹತ್ತಲ್ಲ, ಲೈನ್ ಆಫ್ ಆಗದೆ ಹತ್ತಲ್ಲ, ಒಬ್ಬ ಬೇಡ ಅಂದ ಮರಕ್ಕೆ ಇನ್ನೊಬ್ಬ ಹೋಗಲ್ಲ. ಹತ್ತೊಂಬತ್ತು ಸಹಿ. ಹೆಬ್ಬೆಟ್ಟು ಒಂದೂ ಇಲ್ಲ.

ಹಿರಿಯ ಸಂಗಾತಿಗೆ ನನ್ನ ಉತ್ತರ ಇಷ್ಟು. ಮ್ಯಾನ್‌ಹೋಲಿಗೆ ಇಳಿದು ಸತ್ತವರ ಕುಟುಂಬಕ್ಕೆ 2014ರಲ್ಲಿ ಸುಪ್ರೀಂ ಕೋರ್ಟ್ 10 ಲಕ್ಷ ಅಂದಿತ್ತು, 2023ರಲ್ಲಿ 30 ಲಕ್ಷ ಅಂತು. ಅದು ಕೋರ್ಟಿನ ಕರುಣೆಯಿಂದ ಬಂದಿದ್ದಲ್ಲ. ಸತ್ತವರ ಲೆಕ್ಕ ಇಟ್ಟು, ಹೆಸರು ಬರೆದು, ಬೀದಿಗೆ ಬಂದವರಿಂದ ಬಂದಿದ್ದು. ಮರದಿಂದ ಬಿದ್ದವರ ಲೆಕ್ಕ ಯಾರ ಹತ್ರ ಇದೆ? ತೆಂಗಿನ ಮರ ಹತ್ತೋರಿಗೆ ತೆಂಗು ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ, ಒಳ್ಳೇದೇ. ಹುಣಸೆ ಮರ ಹತ್ತೋನು ಅದರೊಳಗೆ ಬರಲ್ಲ. ಕೆಳಗೆ ಇಳಿದು ಸಾಯೋರೂ ನಮ್ಮೋರೇ, ಮೇಲೆ ಹತ್ತಿ ಬೀಳೋರೂ ನಮ್ಮೋರೇ. ಕೆಳಗಿನದ್ದು ನಮಗೆ ಜಾತಿ ಅಂತ ಕಾಣ್ತು. ಮೇಲಿನದ್ದು ಬರೀ ಕೂಲಿ ಅಂತ ಕಾಣ್ತು. ನನಗೂ ಹಾಗೇ ಕಂಡಿತ್ತು.

ಇನ್ನೆರಡು ಮಾತು ಹೇಳಿ ಮುಗಿಸ್ತೀನಿ.

ಒಂದು ಸಂತೋಷದ್ದು. ಹೋದ ಬೇಸಿಗೆ ಮಳೆಗಾಳಿಗೆ ನಮ್ಮ ಚಿಕ್ಕಪ್ಪನ ಮನೆ ಹಿತ್ತಿಲ ಹಲಸಿನ ಮರ ಬಿತ್ತು. ಸೌದೆಯವನು ಎರಡು ಸಾವಿರಕ್ಕೆ ಕೇಳಿದ. ತಮ್ಮ ಬೇಡ ಅಂದ. ಮಿಷನ್ ಬಾರಿಗೆ ಹಾಕೋ ಒಂದು ಕಬ್ಬಿಣದ ಚೌಕಟ್ಟು ತರಿಸಿದ್ದ. ಅದನ್ನ ಸಿಗಿಸಿದ್ರೆ ದಿಮ್ಮಿ ಉದ್ದಕ್ಕೂ ಒಂದೇ ದಪ್ಪಕ್ಕೆ ಹಲಗೆ ಬರುತ್ತೆ. ಉದ್ದಕ್ಕೆ ಸೀಳೋ ಚೈನಿನ ಹಲ್ಲಿಗೆ 30 ಅಲ್ಲ, 10 ಡಿಗ್ರಿ ಓರೆ. ಅದನ್ನೂ ಅವನೇ ಕೂತು ಅರ ಹಾಕಿದ. ಸೀಳುವಾಗ ಮಿಷನ್ನಿಗೆ ಭಾರ ಜಾಸ್ತಿ, ಮಧ್ಯೆ ಮಧ್ಯೆ ಆರಿಸಬೇಕು. ವೀಲ್‌ಚೇರಲ್ಲಿ ಕೂತು "ನಿಧಾನ, ನಿಧಾನ, ಒತ್ತಬ್ಯಾಡ" ಅಂತ ಕೂಗ್ತಾನೇ ಇದ್ದ. ಹುಡುಗರು ಆರು ಹಲಗೆ ತೆಗೆದ್ರು. ಹಸಿ ಹಲಸು ಒಳಗೆ ಅರಿಶಿನದ ಬಣ್ಣ. ಮಧ್ಯೆ ಪಟ್ಟಿ ಕೊಟ್ಟು ನೆರಳಲ್ಲಿ ಪೇರಿಸಿಟ್ಟಿದ್ದೀವಿ. ಒಂದಂಗುಲ ದಪ್ಪಕ್ಕೆ ಒಂದು ವರ್ಷ ಒಣಗಬೇಕು ಅಂತಾರೆ. ಒಣಗಿದ ಮೇಲೆ ಭವನದ ಲೈಬ್ರರಿಗೆ ಶೆಲ್ಫು. ನಮ್ಮಪ್ಪ ಗುಂಡಿಯೊಳಗೆ ನಿಂತು ಕೊಯ್ದ ಹಲಸು ಊರೊಳಗೆ ಹೋಯ್ತು. ಇದು ಕೇರೀಲೇ ಉಳಿಯುತ್ತೆ.

ಇನ್ನೊಂದು, ನಿಮ್ಮ ಹತ್ರ ಕೇಳೋದು. ಎರಡು ಗ್ಯಾಂಗಿಗೆ ಬೆಲ್ಟು, ಹಗ್ಗ, ಹೆಲ್ಮೆಟ್ಟು ಆಗಿದೆ, ಚೀಟಿ ಹಾಕಿ ಕೊಂಡಿದ್ದೀವಿ. ಇನ್ನೂ ಮೂರು ಗ್ಯಾಂಗಿಗೆ ಬೇಕು. ಆಗೋರು ಸಹಾಯ ಮಾಡಿ. ಆದರೆ ದಯವಿಟ್ಟು ಹಳೇದು ಕಳಿಸಬೇಡಿ. ರಾಮನಗರ, ಸಾವನದುರ್ಗದಲ್ಲಿ ಬಂಡೆ ಹತ್ತೋ ಹವ್ಯಾಸದ ಗೆಳೆಯರೊಬ್ಬರು ಪ್ರೀತಿಯಿಂದ ತಮ್ಮ ಹಳೇ ಹಗ್ಗ ಕೊಟ್ಟಿದ್ರು. "ನಾವು ಬಳಸೋದು ಬಿಟ್ಟಿದ್ದೀವಿ, ನಿಮ್ಮ ಹುಡುಗರಿಗೆ ಆಗುತ್ತೆ" ಅಂದಿದ್ರು. ಅವರಿಗೆ ಕೆಟ್ಟ ಮನಸ್ಸಿಲ್ಲ. ಆದ್ರೆ ಯೋಚನೆ ಮಾಡಿ: ನಿಮ್ಮ ಜೀವ ನಂಬಿ ಬಿಡೋಕಾಗದ ಹಗ್ಗ ನಮ್ಮ ಹುಡುಗನ ಜೀವಕ್ಕೆ ಹೇಗೆ ಸಾಕಾಗುತ್ತೆ? ಹಳೇ ಬಟ್ಟೆ, ಮಿಕ್ಕ ಅನ್ನ, ಹಳೇ ಹಗ್ಗ. ಈ ಪಟ್ಟಿ ಇಲ್ಲಿಗೆ ನಿಲ್ಲಲಿ.

ತಮ್ಮ ಆ ಹಗ್ಗವನ್ನ ತೊಡೆ ಮೇಲೆ ಹಾಕ್ಕೊಂಡು, ಹುಡುಗರಿಗೆಲ್ಲಾ ಕಾಣೋ ಹಾಗೆ, ಅಂಗುಲ ಅಂಗುಲವಾಗಿ ಬೆರಳಲ್ಲಿ ಹಿಂಡಿ ಹಿಂಡಿ ನೋಡ್ತಾ ಹೋದ. ಹೊರಗೆ ಚೆನ್ನಾಗೇ ಇತ್ತು. ಒಂದು ಕಡೆ ಬೆರಳು ನಿಂತಿತು. "ಇಲ್ಲಿ ಮುಟ್ಟಿ ನೋಡ್ರೋ" ಅಂದ. ಒಳಗೆ ಮೆತ್ತಗಿತ್ತು. ಒಬ್ಬೊಬ್ಬರೂ ಬಂದು ಮುಟ್ಟಿ ನೋಡಿದ್ರು. ಆಮೇಲೆ ಚಾಕು ತಗೊಂಡು ಅದನ್ನ ನಾಲ್ಕು ತುಂಡು ಮಾಡಿದ, ಯಾರೂ ಮತ್ತೆ ಮರಕ್ಕೆ ಕಟ್ಟಬಾರದು ಅಂತ.

ಒಂದು ತುಂಡು ನನ್ನ ಕಡೆ ಎಸೆದು, "ತಗೋ ಅಣ್ಣ, ಹಸು ಕಟ್ಟೋಕಾಯ್ತದೆ" ಅಂದ.

ಈಗ ನಮ್ಮ ಹಸು ಅದರಲ್ಲೇ ಕಟ್ಟಿದೆ.

ಜೈ ಭೀಮ್.